ಬೀಗದ ಕೈ ಯಾರ ಸೊಂಟದಲ್ಲಿ?

ಹೆಂಗಸರಿಗೆ ಬುದ್ಧಿ ಹೇಳುವವರಿಗೆ ನಮ್ಮ ಊರುಗಳಲ್ಲಿ ಎಂದೂ ಬರವಿಲ್ಲ. ಹೇಗೆ ಕೂರಬೇಕು, ಎಷ್ಟು ಗಟ್ಟಿಯಾಗಿ ನಗಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬ ಹಳೆಯ ಪಾಠಗಳು ಸವೆದು ತೆಳ್ಳಗಾದ ಮೇಲೆ ಅವರಿಗೀಗ ಹೊಸದೊಂದು ಪಾಠ ಸಿಕ್ಕಿದೆ: ‘ಮೊಬೈಲಿನಲ್ಲಿ ಪಾಸ್‌ವರ್ಡ್ ಸೇವ್ ಮಾಡಬೇಡಿ.’ ಬ್ಯಾಂಕಿನ ಕೌಂಟರಿನಲ್ಲಿ ಇದನ್ನು ಹೇಳುತ್ತಾರೆ, ಶಾಲೆಯ ಪೋಷಕರ ಸಭೆಯಲ್ಲಿ ಹೇಳುತ್ತಾರೆ, ವಾಟ್ಸ್‌ಆ್ಯಪಿನಲ್ಲಿ ದಪ್ಪಕ್ಷರದಲ್ಲಿ ಕಳಿಸುತ್ತಾರೆ. ಕೊನೆಗೆ ಮನೆಯಲ್ಲಿ ಪಿಯುಸಿ ಓದುವ ಮಗನೂ ಸೋಫಾದ ಮೇಲೆ ಕಾಲು ಚಾಚಿಕೊಂಡು ‘ಅಮ್ಮಾ, ಸೇವ್ ಗೀವ್ ಮಾಡ್ಬೇಡ, ಹ್ಯಾಕ್ ಆಗುತ್ತೆ’ ಎನ್ನುತ್ತಾನೆ. ಹಾಗೆ ಹೇಳುವ ಹೊತ್ತಿನಲ್ಲಿ ಅವನ ಕೈಯಲ್ಲಿರುವುದು ಅಮ್ಮನ ಫೋನು. ಅದರ ಬೀಗ ತೆಗೆಯುವ ಅಂಕಿ ಅವನಿಗೆ ಬಾಯಿಪಾಠ. ಅಮ್ಮನ ಯುಪಿಐ ಪಿನ್ನೂ ಗೊತ್ತು. ಅದರ ಬಗ್ಗೆ ಮಾತ್ರ ಯಾರೂ ಚಕಾರ ಎತ್ತುವುದಿಲ್ಲ.

ಈ ಬುದ್ಧಿವಾದವನ್ನು ನಾನು ಒಪ್ಪುವುದಿಲ್ಲ. ಇದು ಹಳತಾದ ಬುದ್ಧಿವಾದ. ಸಾಲದ್ದಕ್ಕೆ, ಅಪಾಯ ಕಡಿಮೆ ಇರುವ ಕಡೆ ಬೆರಳು ತೋರಿಸಿ, ಹೆಚ್ಚು ಇರುವ ಕಡೆ ನಾವು ನೋಡದ ಹಾಗೆ ಮಾಡುವ ಬುದ್ಧಿವಾದ. ನಮ್ಮದೇ ಫೋನಿನಲ್ಲಿ, ಅದಕ್ಕೆಂದೇ ಇರುವ ಜಾಗದಲ್ಲಿ ಪಾಸ್‌ವರ್ಡ್ ಉಳಿಸಿಡುವುದು, ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳಲು ಹೆಣಗುವುದಕ್ಕಿಂತ ಕ್ಷೇಮ ಎಂಬುದು ನನ್ನ ವಾದ. ಆದರೆ ಆ ಮಾತಿನಲ್ಲಿ ‘ನಮ್ಮದೇ’ ಎಂಬ ಒಂದು ಪದವಿದೆಯಲ್ಲ, ಜಗಳವೆಲ್ಲ ಇರುವುದು ಅಲ್ಲಿಯೇ.

ಮೊನ್ನೆ ನಮ್ಮ ಮಹಿಳಾ ಸಮಾಜದಲ್ಲಿ ಈ ವಿಷಯದ ಮೇಲೆ ಒಂದು ಉಪನ್ಯಾಸವಿತ್ತು. ಬಂದಿದ್ದವರು ತಿಳಿದವರೇ, ಸಜ್ಜನರೇ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬೇಡಿ, ಫೋನಿನಲ್ಲಿ ಉಳಿಸಬೇಡಿ, ಒಂದೊಂದಕ್ಕೂ ಬೇರೆ ಬೇರೆ ಇಡಿ, ದೊಡ್ಡಕ್ಷರ ಚಿಕ್ಕಕ್ಷರ ಅಂಕಿ ಚಿಹ್ನೆ ಎಲ್ಲ ಬೆರೆಸಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎಂದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ನಿಂತು, ‘ಹಾಗಾದ್ರೆ ಎಲ್ಲಿಡೋದು ಸಾರ್?’ ಎಂದು ಕೇಳಿದರು. ‘ತಲೆಯಲ್ಲಿ ಮೇಡಂ’ ಎಂದು ಅವರು ನಕ್ಕರು. ಸಭೆಯೂ ನಕ್ಕಿತು.

ನನಗೆ ನಗು ಬರಲಿಲ್ಲ. ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಪಟ್ಟಿ ಮಾಡಿದೆ. ಎರಡು ಬ್ಯಾಂಕು, ಇಮೇಲ್, ಗ್ಯಾಸು, ವಿದ್ಯುತ್ ಬಿಲ್ಲು, ರೈಲು ಟಿಕೆಟ್ಟು, ಬಸ್ಸಿನ ಟಿಕೆಟ್ಟು, ಆದಾಯ ತೆರಿಗೆ, ಭವಿಷ್ಯನಿಧಿ, ಡಿಜಿಲಾಕರ್, ಜೀವವಿಮೆ, ಆಸ್ಪತ್ರೆಯ ರಿಪೋರ್ಟು, ಮಗಳ ಕಾಲೇಜಿನ ಶುಲ್ಕ, ಸೀರೆ ಕೊಳ್ಳುವ ಅಂಗಡಿ, ಪುಸ್ತಕ ಕೊಳ್ಳುವ ಅಂಗಡಿ... ಪಟ್ಟಿ ಮೂವತ್ತೊಂದಕ್ಕೆ ಬಂದು ನಿಂತಿತು. ಮೂವತ್ತೊಂದು ಪಾಸ್‌ವರ್ಡು, ಒಂದರಂತೆ ಇನ್ನೊಂದಿರಬಾರದು, ಮೂರು ತಿಂಗಳಿಗೊಮ್ಮೆ ಎಲ್ಲವೂ ಹೊಸದು. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ನೂರ ಇಪ್ಪತ್ತನಾಲ್ಕು! ಲಲಿತಾ ಸಹಸ್ರನಾಮವನ್ನು ಪುಸ್ತಕವಿಲ್ಲದೆ ಹೇಳುವ ನಮ್ಮ ಅತ್ತೆಯಂಥವರಿಗೂ ಇದು ಸಾಧ್ಯವಿಲ್ಲ. ಸಹಸ್ರನಾಮ ಮೂರು ತಿಂಗಳಿಗೊಮ್ಮೆ ಬದಲಾಗುವುದಿಲ್ಲವಲ್ಲ.

ಈ ನಿಯಮಗಳನ್ನು ಯಾರು ಮಾಡಿದರು ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಫೆರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ತಂಡ ರೂಪಿಸಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲಿ ಎಂದು ಒಬ್ಬೊಬ್ಬರಿಗೂ ಒಂದು ಗುಟ್ಟಿನ ಪದ ಕೊಟ್ಟರು. ಆ ಗುಟ್ಟು ಎಷ್ಟು ದಿನ ಉಳಿಯಿತು ಗೊತ್ತೇ? 1962ರಲ್ಲೇ ಅಲನ್ ಷೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಹೊತ್ತು ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿದ. ಅಂದರೆ ಪಾಸ್‌ವರ್ಡಿನ ಮೊದಲ ಕಳ್ಳತನ ನಡೆದದ್ದು ಸಹೋದ್ಯೋಗಿಯಿಂದ, ಒಂದೇ ಸೂರಿನ ಕೆಳಗೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡಕ್ಷರ, ಚಿಹ್ನೆ, ತಿಂಗಳ ಲೆಕ್ಕದಲ್ಲಿ ಬದಲಾವಣೆ, ಈ ಪಾಠಕ್ಕೂ ಒಂದು ಮೂಲವಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ಬಿಲ್ ಬರ್ ಎಂಬ ಅಧಿಕಾರಿ 2003ರಲ್ಲಿ ಬರೆದ ಸೂಚನೆಗಳಿಂದ ಅದು ಜಗತ್ತಿಗೆಲ್ಲ ಹರಡಿತು. 2017ರಲ್ಲಿ ಅದೇ ಸಂಸ್ಥೆ ತನ್ನ ಸೂಚನೆಗಳನ್ನು ತಿದ್ದಿ ಬರೆಯಿತು. ಸುಮ್ಮಸುಮ್ಮನೆ ನಿಗದಿತ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಲು ಜನರನ್ನು ಒತ್ತಾಯಿಸಬೇಡಿ, ಕದ್ದುಹೋದ ಗುಮಾನಿ ಇದ್ದರೆ ಮಾತ್ರ ಬದಲಾಯಿಸಿ ಎಂದಿತು. ಪಾಸ್‌ವರ್ಡುಗಳನ್ನು ಉಳಿಸಿಡುವ ಸಾಧನಗಳಿಗೆ ಅಡ್ಡಿ ಮಾಡಬೇಡಿ ಎಂದಿತು. ಅದೇ ವರ್ಷ ಬಿಲ್ ಬರ್ ತಾನು ಬರೆದದ್ದರ ಬಹುಪಾಲಿನ ಬಗ್ಗೆ ಪಶ್ಚಾತ್ತಾಪ ಪಟ್ಟದ್ದು ಪತ್ರಿಕೆಗಳಲ್ಲಿ ಬಂತು. ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರವಂತೂ ಸಾಮಾನ್ಯ ಜನರಿಗೆ, ಸ್ವಂತ ಫೋನು ಕಂಪ್ಯೂಟರುಗಳಲ್ಲಿ ಬ್ರೌಸರು ಪಾಸ್‌ವರ್ಡನ್ನು ಉಳಿಸಲೇ ಎಂದು ಕೇಳಿದರೆ ಉಳಿಸಿಕೊಳ್ಳಿ ಎಂದೇ ಹೇಳುತ್ತದೆ. ಬರೆದವನೇ ಬಿಟ್ಟುಕೊಟ್ಟ ಶಾಸ್ತ್ರವನ್ನು ನಮ್ಮೂರಿನ ಉಪನ್ಯಾಸಕರು ಇನ್ನೂ ಪಾರಾಯಣ ಮಾಡುತ್ತಿದ್ದಾರೆ.

ತಲೆಯಲ್ಲಿ ಇಡಬೇಕೆಂದಾಗ ಮನುಷ್ಯರು ಏನು ಮಾಡುತ್ತಾರೆ? ಸುಲಭವಾದದ್ದನ್ನು ಇಡುತ್ತಾರೆ, ಅದನ್ನೇ ಎಲ್ಲ ಕಡೆಗೂ ಇಡುತ್ತಾರೆ. 2009ರಲ್ಲಿ ರಾಕ್‌ಯೂ ಎಂಬ ಕಂಪೆನಿಯಿಂದ 3 ಕೋಟಿ 20 ಲಕ್ಷ ಪಾಸ್‌ವರ್ಡುಗಳು ಸೋರಿಹೋದವು. ಪಂಡಿತರು ಅವನ್ನು ಎಣಿಸಿ ನೋಡಿದರೆ ಸುಮಾರು 2 ಲಕ್ಷ 90 ಸಾವಿರ ಜನ 123456 ಎಂದು ಇಟ್ಟುಕೊಂಡಿದ್ದರು! ಅವರೆಲ್ಲ ದಡ್ಡರಲ್ಲ. ಅವರ ತಲೆಗೆ ಬೇರೆ ಕೆಲಸಗಳಿದ್ದವು. ಹಾಗೆ ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಕಳ್ಳರು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಅದೇ ಇಮೇಲು, ಅದೇ ಪಾಸ್‌ವರ್ಡು ಹಾಕಿ ನೂರು ಬಾಗಿಲು ತಟ್ಟಿ ನೋಡುತ್ತಾರೆ. ಸೀರೆ ಅಂಗಡಿಗೆ ಕೊಟ್ಟ ಪಾಸ್‌ವರ್ಡೇ ಇಮೇಲಿಗೂ ಇದ್ದರೆ, ಸೀರೆ ಅಂಗಡಿಯ ಗೋಡೆ ಬಿದ್ದ ದಿನ ನಿಮ್ಮ ಮನೆಯ ಬಾಗಿಲೂ ತೆರೆದುಕೊಂಡಿತು. ಹೊರಗಿನ ಗೇಟಿಗೂ, ಬೀರುವಿಗೂ, ಬ್ಯಾಂಕಿನ ಲಾಕರಿಗೂ ಒಂದೇ ಬೀಗದ ಕೈ ಮಾಡಿಸುವ ಗೃಹಿಣಿ ಯಾರಾದರೂ ಇದ್ದಾರೆಯೇ? ಪಾಸ್‌ವರ್ಡಿನ ವಿಷಯದಲ್ಲಿ ನಾವೆಲ್ಲ ಅದನ್ನೇ ಮಾಡುವಂತೆ ಮಾಡಿದ್ದು ‘ತಲೆಯಲ್ಲಿಡಿ’ ಎಂಬ ಈ ಉಪದೇಶ.

ಹೆಂಗಸರ ಮಟ್ಟಿಗೆ ಇನ್ನೊಂದು ಸಂಗತಿಯೂ ಇದೆ. ನೆನಪಿಟ್ಟುಕೊಳ್ಳಲು ಸುಲಭವಾದದ್ದೆಂದರೆ ಏನು? ಮಗುವಿನ ಹೆಸರು, ಹುಟ್ಟಿದ ಇಸವಿ, ಮದುವೆಯ ತಾರೀಖು, ಮನೆದೇವರ ಹೆಸರು. ದೂರದೂರಿನ ಕಳ್ಳನಿಗೆ ಇವು ಗೊತ್ತಿಲ್ಲದಿರಬಹುದು. ಗಂಡನಿಗೆ, ಮೈದುನನಿಗೆ, ಅತ್ತಿಗೆಗೆ, ಮನೆಗೆ ಬಂದುಹೋಗುವ ನೆಂಟರಿಗೆ ಎಲ್ಲವೂ ಗೊತ್ತು. ಪಾಸ್‌ವರ್ಡ್ ಮರೆತರೆ ಕೇಳುವ ಗುಪ್ತ ಪ್ರಶ್ನೆಗಳ ಕಥೆಯೂ ಅಷ್ಟೇ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಇಮೇಲಿಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ. ಅವನಿಗೆ ಕಂಪ್ಯೂಟರ್ ವಿದ್ಯೆಯೇನೂ ಬೇಕಾಗಲಿಲ್ಲ. ಹುಟ್ಟಿದ ದಿನ, ಊರಿನ ಪಿನ್‌ಕೋಡು, ಗಂಡನನ್ನು ಮೊದಲು ಭೇಟಿಯಾದದ್ದು ಎಲ್ಲಿ, ಇಷ್ಟಕ್ಕೆ ಉತ್ತರ ಹುಡುಕಿದ, ಬಾಗಿಲು ತೆರೆಯಿತು. ಒಂದು ರಾಜ್ಯದ ಗವರ್ನರ್ ಆಗಿದ್ದ ಹೆಂಗಸಿನ ಗತಿ ಹೀಗಾದರೆ, ಅಂಕಪಟ್ಟಿಯಲ್ಲೇ ತಾಯಿಯ ಹೆಸರು ಅಚ್ಚಾಗಿರುವ ನಮ್ಮ ಹೆಣ್ಣುಮಕ್ಕಳ ಗುಟ್ಟು ಎಷ್ಟರದು?

ಇನ್ನು ಉಳಿಸಿಡುವುದು ಎಂದರೆ ಏನೆಂದು ನೋಡೋಣ. ಹೆಚ್ಚಿನವರು ಉಳಿಸಿಡುವುದು ತಪ್ಪಾದ ಜಾಗದಲ್ಲಿ. ಫೋನಿನ ಹೆಸರುಗಳ ಪಟ್ಟಿಯಲ್ಲಿ ‘ರಾಜು ಎಟಿಎಂ’ ಎಂದು ಒಬ್ಬ ಇಲ್ಲದ ರಾಜುವನ್ನು ಹುಟ್ಟಿಸಿ, ಅವನ ನಂಬರಿನ ಕೊನೆಯ ನಾಲ್ಕು ಅಂಕಿಯಲ್ಲಿ ಪಿನ್ ಅಡಗಿಸಿಟ್ಟವರನ್ನು ನಾನು ಬಲ್ಲೆ. ವಾಟ್ಸ್‌ಆ್ಯಪಿನಲ್ಲಿ ತಮಗೆ ತಾವೇ ಕಳಿಸಿಕೊಂಡವರಿದ್ದಾರೆ. ಡೈರಿಯ ಪುಟದ ಫೋಟೋ ಹೊಡೆದು ಮಕ್ಕಳ ಹುಟ್ಟುಹಬ್ಬದ ಫೋಟೋಗಳ ನಡುವೆ ಇಟ್ಟವರಿದ್ದಾರೆ. ಇದು ಉಳಿಸಿಡುವುದಲ್ಲ, ಬೀಗದ ಕೈಯನ್ನು ಬಾಗಿಲ ಮೊಳೆಗೆ ನೇತುಹಾಕುವುದು. ಫೋನು ಒಂದು ಸಲ ತೆರೆದರೆ ಇದೆಲ್ಲ ಯಾರ ಕಣ್ಣಿಗೂ ಬೀಳುತ್ತದೆ.

ಫೋನಿನಲ್ಲೇ ಇದಕ್ಕೆಂದು ಬೇರೆಯ ಕಪಾಟಿದೆ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್, ಐಫೋನಿನಲ್ಲಿ 2024ರಿಂದ ‘ಪಾಸ್‌ವರ್ಡ್ಸ್’ ಎಂಬ ಹೆಸರಿನದೇ ಆ್ಯಪ್. ಇಲ್ಲಿಟ್ಟ ಪಾಸ್‌ವರ್ಡು ಬರೆದ ಹಾಗೆಯೇ ಇರುವುದಿಲ್ಲ, ಗೂಢಲಿಪಿಗೆ ಬದಲಾಗಿರುತ್ತದೆ. ನಿಮ್ಮ ಬೆರಳೋ ಮುಖವೋ ಫೋನಿನ ಬೀಗದ ಅಂಕಿಯೋ ತೋರಿಸದೆ ಅದನ್ನು ತೆರೆದು ಓದಲಾಗದಂತೆ ಮಾಡಿಕೊಳ್ಳಬಹುದು. ಅಂಕಿಯನ್ನು ಊಹಿಸಿ ಮತ್ತೆ ಮತ್ತೆ ಒತ್ತಿದರೆ ಫೋನು ಮೊದಲು ನಿಮಿಷಗಟ್ಟಲೆ, ಆಮೇಲೆ ಇನ್ನೂ ಹೆಚ್ಚು ಕಾಯಿಸುತ್ತದೆ. ಹೊಸ ಖಾತೆ ತೆರೆಯುವಾಗ ತಾನೇ ಉದ್ದನೆಯ, ಅರ್ಥವಿಲ್ಲದ ಪಾಸ್‌ವರ್ಡನ್ನು ಹೆಣೆದು ಕೊಡುತ್ತದೆ. ಅದನ್ನು ನೀವೂ ನೆನಪಿಡಬೇಕಿಲ್ಲ, ನಿಮ್ಮ ಮನೆದೇವರ ಹೆಸರು ಬಲ್ಲವರೂ ಊಹಿಸಲಾರರು.

ಇದರಲ್ಲಿ ಇನ್ನೊಂದು ಉಪಕಾರವಿದೆ, ಇದನ್ನು ಯಾವ ಉಪನ್ಯಾಸದಲ್ಲೂ ನಾನು ಕೇಳಿಲ್ಲ. ಬ್ಯಾಂಕಿನದೋ ವಿದ್ಯುತ್ ಕಂಪೆನಿಯದೋ ಎಂಬಂತೆ ಕಾಣುವ ಸುಳ್ಳು ಪುಟವನ್ನು ಕಳ್ಳರು ಕಳಿಸುತ್ತಾರೆ. ಬಣ್ಣ ಅದೇ, ಚಿಹ್ನೆ ಅದೇ, ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಫೋನು ನೋಡುವ ನಮಗೆ ಆ ಒಂದಕ್ಷರ ಕಾಣುವುದಿಲ್ಲ. ತಲೆಯಲ್ಲಿ ಪಾಸ್‌ವರ್ಡ್ ಇಟ್ಟುಕೊಂಡವಳು ಒತ್ತಿಯೇ ಬಿಡುತ್ತಾಳೆ. ಫೋನಿನ ಕಪಾಟು ಹಾಗಲ್ಲ. ಅದು ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ ನೋಡುತ್ತದೆ, ಹೊಂದದಿದ್ದರೆ ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ. ದಿನಾ ತಾನೇ ತುಂಬಿಕೊಳ್ಳುತ್ತಿದ್ದ ಜಾಗ ಇವತ್ತು ಯಾಕೆ ಖಾಲಿ ಇದೆ ಎಂದು ಒಂದು ಗಳಿಗೆ ಕೈ ನಿಲ್ಲಿಸಿದರೆ ಸಾಕು, ಒಂದು ಅನಾಹುತ ತಪ್ಪಿದಂತೆ.

ಎದುರು ಪಕ್ಷದವರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಉಳಿಸಿಟ್ಟದ್ದನ್ನು ಗುಡಿಸಿಕೊಂಡು ಹೋಗುವ ಕಳ್ಳ ಪ್ರೋಗ್ರಾಮುಗಳಿವೆ. ರೆಡ್‌ಲೈನ್ ಎಂಬ ಅಂಥದೊಂದರ ಜಾಲವನ್ನು 2024ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್ ಪೊಲೀಸರು ಬೇರೆ ದೇಶಗಳ ಪೊಲೀಸರೊಂದಿಗೆ ಸೇರಿ ಕೆಡವಬೇಕಾಯಿತು. ಪಾಸ್‌ವರ್ಡ್ ಕಾಯುವುದೇ ಕಸುಬಾಗಿದ್ದ ಲಾಸ್ಟ್‌ಪಾಸ್ ಎಂಬ ಕಂಪೆನಿಯಿಂದ 2022ರಲ್ಲಿ ಗ್ರಾಹಕರ ಗೂಢಲಿಪಿಯ ಪೆಟ್ಟಿಗೆಗಳ ಪ್ರತಿಯನ್ನೇ ಕದ್ದರು. ಅಮೆರಿಕದಲ್ಲಿ ಕಳ್ಳರು ಐಫೋನಿನವರ ಹಿಂದೆ ನಿಂತು ಬೀಗದ ಅಂಕಿ ನೋಡಿಕೊಂಡು, ಆಮೇಲೆ ಫೋನು ಕಿತ್ತುಕೊಂಡು ಖಾತೆಗಳನ್ನೆಲ್ಲ ಬರಿದು ಮಾಡಿದ ಸುದ್ದಿ 2023ರಲ್ಲಿ ಬಂತು. 2024ರ ಜನವರಿಯಲ್ಲಿ ಆ್ಯಪಲ್ ಕಂಪೆನಿ ಅದಕ್ಕೆಂದೇ ಇನ್ನೊಂದು ಅಗುಳಿ ಹಾಕಿತು.

ಆದರೆ ಈ ಮೂರನ್ನೂ ಸ್ವಲ್ಪ ಬಿಡಿಸಿ ನೋಡಿ. ಕಳ್ಳ ಪ್ರೋಗ್ರಾಮು ಒಳಗೆ ಬರುವುದು ಹೆಚ್ಚಾಗಿ ಪುಕ್ಕಟೆ ಸಿಗುವ ನಕಲಿ ಸಾಫ್ಟ್‌ವೇರಿನ ಜೊತೆ, ನಮ್ಮ ಫೋನುಗಳಿಗಾದರೆ ಮದುವೆಯ ಕರೆಯೋಲೆ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವ ಎಪಿಕೆ ಕಡತದ ಜೊತೆ. ಅದು ಒಳಗೆ ಬಂದ ಮೇಲೆ ನೀವು ತಲೆಯಿಂದ ತೆಗೆದು ಒತ್ತುವ ಪಾಸ್‌ವರ್ಡನ್ನೂ ಅದು ನೋಡಿಕೊಳ್ಳಬಲ್ಲದು. ತಲೆಯಲ್ಲಿಟ್ಟವಳಿಗೆ ಅಲ್ಲಿ ವಿಶೇಷ ರಕ್ಷಣೆಯೇನಿಲ್ಲ. ಲಾಸ್ಟ್‌ಪಾಸಿನಲ್ಲಿ ಹೆಚ್ಚು ಅಪಾಯಕ್ಕೆ ಸಿಕ್ಕಿದವರು ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡನ್ನು ದುರ್ಬಲವಾಗಿ ಇಟ್ಟವರು. ಐಫೋನಿನ ಪ್ರಕರಣದಲ್ಲಿ ಕದ್ದದ್ದು ಪಾಸ್‌ವರ್ಡನ್ನಲ್ಲ, ಫೋನಿನ ಬೀಗದ ಅಂಕಿಯನ್ನು. ಎಲ್ಲ ದಾರಿಯೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಕಪಾಟು ಗಟ್ಟಿಯೇ ಇದೆ, ಅದರ ಬೀಗದ ಕೈ ಯಾರ ಬಳಿ ಇದೆ?

ಈಗ ಆ ‘ನಮ್ಮದೇ’ ಎಂಬ ಮಾತಿಗೆ ಬರುತ್ತೇನೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರನ್ನು, ನೀವೇ ಬಳಸುವ ಮೊಬೈಲ್ ಇದೆಯೇ ಎಂದು ಕೇಳಿದರು. ಇದೆ ಎಂದವರು ನೂರಕ್ಕೆ 54. ತಾವೇ ಬಳಸುವ ಬ್ಯಾಂಕ್ ಖಾತೆ ಇದೆ ಎಂದವರು ನೂರಕ್ಕೆ 79ರ ಹತ್ತಿರ. ಈ ಎರಡು ಅಂಕಿಗಳ ನಡುವಿನ ಕಂದಕವನ್ನು ನೋಡಿ. ಖಾತೆ ಅವಳ ಹೆಸರಿನಲ್ಲಿದೆ, ಖಾತೆಯ ಕದ ತೆರೆಯುವ ಫೋನು ಇನ್ನೊಬ್ಬರದು. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾದಾಗ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದು ಗೊತ್ತುಮಾಡಿದರು. ಹಣ ಯಜಮಾನಿಗೆ, ಸಂದೇಶ ಯಜಮಾನರ ಫೋನಿಗೆ ಬರುವ ಮನೆಗಳು ನನ್ನ ಬೀದಿಯಲ್ಲೇ ಇವೆ.

ಸ್ವಂತ ಫೋನಿರುವ ಮನೆಗಳಲ್ಲಾದರೂ ಅದು ಎಷ್ಟು ಸ್ವಂತ? ಗಂಡಸಿನ ಫೋನು ಅವನ ಅಂಗಿಯ ಜೇಬಿನಲ್ಲಿರುತ್ತದೆ. ಹೆಂಗಸಿನ ಫೋನು ಫ್ರಿಜ್ಜಿನ ಮೇಲೆ, ಊಟದ ಮೇಜಿನ ಮೇಲೆ, ಮಕ್ಕಳ ಕೈಯಲ್ಲಿರುತ್ತದೆ. ಅದಕ್ಕೆ ಬೀಗ ಹಾಕಿದರೆ ‘ಅದರಲ್ಲಿ ಅಂಥಾದ್ದೇನಿದೆ?’ ಎಂಬ ಪ್ರಶ್ನೆ ಬರುತ್ತದೆ. ಗಂಡಸಿನ ಫೋನಿನ ಬೀಗಕ್ಕೆ ಈ ಪ್ರಶ್ನೆಯಿಲ್ಲ, ಅಲ್ಲಿ ‘ಆಫೀಸಿನ ವಿಷಯ ಇರುತ್ತೆ’. ಇಂಥ ಮನೆಯಲ್ಲಿ ಕುಳಿತು ಪಾಸ್‌ವರ್ಡ್ ಉಳಿಸಿಡಬೇಡಿ ಎನ್ನುವವರು, ಫೋನನ್ನು ಯಾರಿಗೂ ಬಿಟ್ಟುಕೊಡಬೇಡಿ ಎಂದು ಯಾಕೆ ಹೇಳುವುದಿಲ್ಲ? ಹೇಳಿದರೆ ಸಭೆಯಲ್ಲಿ ಯಾರೂ ನಗುವುದಿಲ್ಲ, ಮನೆಮನೆಯಲ್ಲಿ ಮಾತು ಬೆಳೆಯುತ್ತದೆ. ಕಾಣದ ಹ್ಯಾಕರನನ್ನು ಬೈಯುವುದಕ್ಕೆ ಧೈರ್ಯವೇನೂ ಬೇಕಿಲ್ಲ.

ನಂಬಿಕೆಯಿಂದ ಹಂಚಿಕೊಂಡರೆ ಏನಾಗುತ್ತದೆ ಎನ್ನುವವರಿಗೆ ಬೆಂಗಳೂರಿನದೇ ಒಂದು ಪ್ರಕರಣ ಹೇಳುತ್ತೇನೆ. 2013ರ ನವೆಂಬರಿನಲ್ಲಿ ಹೆರಿಗೆ ರಜೆಯಲ್ಲಿದ್ದ ಹೆಣ್ಣುಮಗಳೊಬ್ಬಳು ತನ್ನ ಎಟಿಎಂ ಕಾರ್ಡನ್ನೂ ಪಿನ್ನನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಕಳಿಸಿದಳು. ಯಂತ್ರದಿಂದ ಚೀಟಿ ಬಂತು, ಹಣ ಬರಲಿಲ್ಲ. ಖಾತೆಯಿಂದ ಹಣ ಕಡಿತವಾಯಿತು. ಬ್ಯಾಂಕು ಕೊಡಲೊಪ್ಪಲಿಲ್ಲ. ಗ್ರಾಹಕರ ವೇದಿಕೆಗೆ ಹೋದರು, ವರ್ಷಗಟ್ಟಲೆ ಅಲೆದರು. ಕ್ಯಾಮೆರಾದಲ್ಲಿ ಕಾಣುತ್ತಿರುವವರು ಖಾತೆದಾರರಲ್ಲ, ಪಿನ್ನನ್ನು ಇನ್ನೊಬ್ಬರಿಗೆ ಕೊಟ್ಟದ್ದು ನಿಯಮದ ಉಲ್ಲಂಘನೆ ಎಂಬುದು ಬ್ಯಾಂಕಿನ ವಾದ. 2018ರಲ್ಲಿ ವೇದಿಕೆ ಬ್ಯಾಂಕಿನ ಮಾತನ್ನೇ ಎತ್ತಿಹಿಡಿಯಿತು. ಬಾಣಂತಿ ಎಟಿಎಂವರೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಜಾಗವಿರಲಿಲ್ಲ; ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಡಬೇಕಿತ್ತಂತೆ. ಈ ತೀರ್ಪು ಕಠಿಣವೆಂದು ನನಗೂ ಅನಿಸುತ್ತದೆ. ಆದರೆ ಅದು ಹೇಳುವುದು ಸ್ಪಷ್ಟ. ಕಾನೂನಿನ ಕಣ್ಣಿನಲ್ಲಿ ಪಿನ್ನಿನ ಮಟ್ಟಿಗೆ ಗಂಡನೂ ಪರಪುರುಷನೇ!

ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ಮೋಸವಾಗಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ. ಗುಟ್ಟಿನ ವಿವರವನ್ನು ಹಂಚಿಕೊಂಡದ್ದರಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ಫೋನಿನ ಕಪಾಟಿನಲ್ಲಿಟ್ಟವಳಿಗಿಂತ ಪ್ರೀತಿಯಿಂದ ಹೇಳಿಕೊಟ್ಟವಳೇ ಇಲ್ಲಿ ಸೋಲುವವಳು.

‘ಗಂಡ ಹೆಂಡಿರ ನಡುವೆ ಗುಟ್ಟೇನು?’ ಎನ್ನುತ್ತಾರೆ. ಒಳ್ಳೆಯ ಮಾತು. ಹಾಗಾದರೆ ಅವರ ಪಾಸ್‌ವರ್ಡುಗಳು ಎಷ್ಟು ಹೆಂಡಿರಿಗೆ ಗೊತ್ತು ಎಂದು ಕೇಳಿ ನೋಡಿ, ಮಾತು ಬೇರೆ ಕಡೆ ತಿರುಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಪ್ರಕರಣವನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಹೊಸ್ತಿಲ ಹೊರಗೆ ಮಾತ್ರ ಎಂದು ಯಾರೂ ಬರೆದಿಲ್ಲ. ಹೆಂಡತಿಯ ಫೋನಿನ, ಬ್ಯಾಂಕಿನ ಪಾಸ್‌ವರ್ಡ್ ಕೊಡೆಂದು ಗಂಡ ಬಲವಂತ ಮಾಡುವಂತಿಲ್ಲ, ಹಾಗೆ ಮಾಡುವುದು ಕೌಟುಂಬಿಕ ದೌರ್ಜನ್ಯವೂ ಆಗಬಹುದು ಎಂದು 2025ರಲ್ಲಿ ಛತ್ತೀಸಗಢ ಹೈಕೋರ್ಟು ಹೇಳಿತು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸವಿದೆ. ಆ ಕಲಮಿನಲ್ಲಿ ನೆಂಟರಿಗೆ ವಿನಾಯಿತಿಯಿಲ್ಲ.

ಇನ್ನೊಂದು ಆಕ್ಷೇಪಣೆ ಕೇಳಿಬರುತ್ತದೆ. ನಾಳೆ ಒಬ್ಬರಿಗೆ ಏನಾದರೂ ಆದರೆ? ಇದು ನಿಜವಾದ ಚಿಂತೆ. ಗಂಡ ಹೋದ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ತಿಳಿಯದೆ ಕಂಗಾಲಾದ ಹೆಂಗಸರನ್ನು ಎಲ್ಲರೂ ಕಂಡಿದ್ದೇವೆ. ಆದರೆ ಅವರನ್ನು ಕಂಗಾಲು ಮಾಡಿದ್ದೂ ‘ಎಲ್ಲ ತಲೆಯಲ್ಲಿದೆ’ ಎಂಬ ಗಂಡಸಿನ ಜಂಬವೇ ತಾನೆ? ತಲೆಯೊಂದಿಗೇ ಎಲ್ಲವೂ ಸುಟ್ಟುಹೋಯಿತು. ಸತ್ತವರ ಪಾಸ್‌ವರ್ಡ್ ಹಾಕಿ ಹಣ ತೆಗೆಯುವುದು ಸರಿಯಾದ ದಾರಿಯೂ ಅಲ್ಲ. ನಾಮಿನಿಯ ಹೆಸರು ಬರೆಸುವುದು, ಜಂಟಿ ಖಾತೆ ಮಾಡುವುದು, ಯಾವ್ಯಾವ ಖಾತೆಗಳಿವೆ ಎಂಬ ಪಟ್ಟಿಯನ್ನು ಬೀರುವಿನಲ್ಲಿ ಲಕೋಟೆ ಅಂಟಿಸಿ ಇಡುವುದು, ಇವು ದಾರಿ. ಬರೆದಿಡುವುದಕ್ಕೂ ಹೆದರಬೇಕಿಲ್ಲ. ಒಳ್ಳೆಯ ಪಾಸ್‌ವರ್ಡು ನೆನಪಿರದಿದ್ದರೆ ಒಂದು ಚೀಟಿಯಲ್ಲಿ ಬರೆದು ಹಣದ ಜೊತೆ ಜೋಪಾನವಾಗಿಡಿ ಎಂದು ಭದ್ರತಾ ತಜ್ಞ ಬ್ರೂಸ್ ಷ್ನಯರ್ 2005ರಲ್ಲೇ ಹೇಳಿದ್ದರು. ಚಿಕ್ಕ ಕಾಗದಗಳನ್ನು ಜೋಪಾನ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಟ್ಟು ಮಕ್ಕಳ ಫೀಸು ಕಟ್ಟಿದವರ ಮೊಮ್ಮಕ್ಕಳು ನಾವು.

ಹಾಗಾದರೆ ಎಲ್ಲವನ್ನೂ ಫೋನಿಗೆ ಒಪ್ಪಿಸಿಬಿಡಬೇಕೇ? ಬೇಡ. ತಲೆಯಲ್ಲೇ ಇರಬೇಕಾದ್ದು ಮೂರು. ಫೋನಿನ ಬೀಗದ ಅಂಕಿ, ಇಮೇಲಿನ ಪಾಸ್‌ವರ್ಡು, ಹಣ ತೆಗೆಯುವ ಯುಪಿಐ ಮತ್ತು ಎಟಿಎಂ ಪಿನ್ನು. ನೆಟ್‌ಬ್ಯಾಂಕಿಂಗಿನ ಪಾಸ್‌ವರ್ಡನ್ನು ಉಳಿಸಬೇಡಿ ಎಂದು ಹಲವು ಬ್ಯಾಂಕುಗಳು ತಾವೇ ಹೇಳುವುದರಿಂದ ಅದನ್ನು ಬೀರುವಿನ ಚೀಟಿಯಲ್ಲಿಡಿ. ನಾಳೆ ತಕರಾರು ಬಂದರೆ ಅವರ ಕೈಗೆ ನಾವೇ ನೆಪ ಕೊಟ್ಟಂತಾಗಬಾರದು. ಉಳಿದ ಇಪ್ಪತ್ತೇಳು ಇಪ್ಪತ್ತೆಂಟನ್ನು ಫೋನಿನ ಕಪಾಟಿಗೆ ಒಪ್ಪಿಸಿ ನಿಶ್ಚಿಂತೆಯಿಂದಿರಿ. ಬೀಗದ ಅಂಕಿ ನಾಲ್ಕಿದ್ದರೆ ಹತ್ತು ಸಾವಿರ ಬಗೆ, ಆರು ಮಾಡಿದರೆ ಹತ್ತು ಲಕ್ಷ ಬಗೆ. ಎರಡು ಅಂಕಿಯ ಶ್ರಮಕ್ಕೆ ನೂರು ಪಟ್ಟು ಲಾಭ, ಹುಟ್ಟಿದ ತಾರೀಖನ್ನು ಮಾತ್ರ ಇಡಬೇಡಿ. ಸೈಬರ್ ಸೆಂಟರಿನ, ಆಫೀಸಿನ, ನೆಂಟರ ಮನೆಯ ಕಂಪ್ಯೂಟರಿನಲ್ಲಿ ಏನನ್ನೂ ಉಳಿಸಬೇಡಿ. ಕಂಪೆನಿಯಿಂದ ಭದ್ರತೆಯ ಅಪ್‌ಡೇಟ್ ಬರುವುದು ನಿಂತುಹೋದ ಹಳೆಯ ಫೋನಿನಲ್ಲೂ ಬೇಡ. ಮೋಸವಾಯಿತೆಂದು ತಿಳಿದ ಕ್ಷಣ ಬ್ಯಾಂಕಿಗೂ 1930 ನಂಬರಿಗೂ ಫೋನು ಮಾಡಿ. ಮನೆಯವರು ಬೈದಾರೆಂದು ಸಂಜೆಯವರೆಗೆ ಕಾಯಬೇಡಿ, ಆ ಕೆಲವು ಗಂಟೆಗಳಲ್ಲೇ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ.

ಒಂದು ಮಾತನ್ನು ಮರೆಯುವಂತಿಲ್ಲ. ಗಂಡನ ಕೈಯಲ್ಲಿ ಹೊಡೆತ ತಿನ್ನುತ್ತಿರುವ, ಫೋನನ್ನು ದಿನಾ ತಪಾಸಣೆಗೆ ಒಪ್ಪಿಸಬೇಕಾದ ಹೆಣ್ಣುಮಗಳಿಗೆ ನನ್ನ ವಾದ ಹೊಂದುವುದಿಲ್ಲ. ಅವಳ ಫೋನು ಅವಳದಲ್ಲ, ಆದ್ದರಿಂದ ಅದರಲ್ಲಿ ಉಳಿಸಿದ್ದು ಯಾವುದೂ ಕ್ಷೇಮವಲ್ಲ. ಆದರೆ ಅವಳಿಗೆ ಬೇಕಾದದ್ದು ಪಾಸ್‌ವರ್ಡಿನ ಪಾಠವಲ್ಲ, ಅವಳ ಬೆನ್ನಿಗೆ ನಿಲ್ಲುವ ಜನ.

ಪಾಸ್‌ವರ್ಡಿನ ಕಾಲವೇ ಮುಗಿಯುತ್ತ ಬಂದಿದೆ ಎನ್ನುತ್ತಾರೆ. ಪಾಸ್‌ವರ್ಡಿನ ಬದಲು ಪಾಸ್‌ಕೀ ಎಂಬ ಹೊಸ ವ್ಯವಸ್ಥೆಗೆ ಬೆಂಬಲವನ್ನು ವಿಸ್ತರಿಸುವುದಾಗಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ 2022ರ ಮೇ ತಿಂಗಳಲ್ಲಿ ಪ್ರಕಟಿಸಿದವು. ಅದರಲ್ಲಿ ಗುಟ್ಟಿನ ಪದವೇ ಇರುವುದಿಲ್ಲ. ನಿಮ್ಮ ಫೋನೂ ಅದನ್ನು ತೆರೆಯುವ ನಿಮ್ಮ ಬೆರಳೂ ಸೇರಿದರೆ ಅದೇ ಬೀಗದ ಕೈ. ಅಲ್ಲಿಗೆ ‘ಉಳಿಸಬೇಕೋ ಬೇಡವೋ’ ಎಂಬ ಚರ್ಚೆ ತಾನಾಗಿ ಸತ್ತುಹೋಗುತ್ತದೆ. ‘ಫೋನು ಯಾರದು’ ಎಂಬುದು ಮಾತ್ರ ಉಳಿಯುತ್ತದೆ. ಆ ಪ್ರಶ್ನೆಯನ್ನು ಈಗಲೇ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳದಿದ್ದರೆ, ಆಗ ಮಾಡಿಕೊಳ್ಳಲು ಹೊತ್ತು ಮೀರಿರುತ್ತದೆ.

ಇವತ್ತು ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಐದು ನಿಮಿಷ ಬಿಡುವು ಮಾಡಿಕೊಳ್ಳಿ. ನಿಮ್ಮ ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ಬೀಗ ತೆಗೆಯಲು ಎಷ್ಟು ಬೆರಳುಗಳ ಗುರುತು ದಾಖಲಾಗಿದೆ ಎಂದು ಎಣಿಸಿ. ನಿಮ್ಮ ಕೈಯಲ್ಲಿಲ್ಲದ ಬೆರಳೊಂದು ಅಲ್ಲಿದ್ದರೆ ಅಳಿಸಿ. ‘ಯಾಕೆ ತೆಗೆದೆ?’ ಎಂದು ಬೆಳಿಗ್ಗೆ ಯಾರಾದರೂ ಕೇಳಿದರೆ, ಕಾಫಿ ಲೋಟ ಕೈಗೆ ಕೊಟ್ಟು, ‘ನನ್ನ ಫೋನು’ ಎನ್ನಿ. ಆ ಉತ್ತರ ಸಾಲದು ಎನ್ನುವವರಿಗೆ ಬೇರೆ ಯಾವ ಉತ್ತರವೂ ಸಾಲುವುದಿಲ್ಲ.